ತಿದ್ದದೆ ಬಿಟ್ಟ ಅರ್ಜಿ

ಮೊನ್ನೆ ಮೊಮ್ಮಗಳು ತನ್ನ ಪಿಯುಸಿ ಇಂಗ್ಲಿಷ್ ಪುಸ್ತಕವನ್ನು ಮಾಳಿಗೆಯ ಮೇಲೆ, ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕ ಮರೆತು ಬಂದಿದ್ದಳು. ಎತ್ತಿಕೊಂಡು ಪುಟ ತೆರೆದೆ. ಘಾಟು ಮೂಗಿಗೇರಿ ಸೀನು ಬಂತು. ಕಣ್ಣಲ್ಲಿ ನೀರೂ ಬಂತು... ಅದು ಬರೀ ಘಾಟಿಗೆ ಬಂದದ್ದಲ್ಲ.

ರಾಣೆಬೆನ್ನೂರಿನಲ್ಲಿ ನಾನು ಪಿಯುಸಿ ಓದುವಾಗ ಇಂಗ್ಲಿಷ್ ಸರ್ ದಿನಾ ಬ್ಯಾಡಗಿಯಿಂದ ರೈಲಿಗೆ ಬರುತ್ತಿದ್ದರು. ಮೆಣಸಿನಕಾಯಿ ಪೇಟೆಯ ಮಗ್ಗುಲಲ್ಲೇ ಅವರ ಖೋಲಿ. ಅವರು ಪುಸ್ತಕ ಬಿಚ್ಚಿದರೆ ಮುಂದಿನ ಬೆಂಚು ಸೀನುತ್ತಿತ್ತು, ಹಿಂದಿನ ಬೆಂಚು ನಗುತ್ತಿತ್ತು. "ಮೊದಲ ಸೀನಿ ಮುಗಸ್ರಿ, ಆಮ್ಯಾಲೆ ಪದ್ಯ" ಎನ್ನುತ್ತಿದ್ದರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಕಡಲಿಗೆ ಹೋದ ಮಗನನ್ನು ಕಾಯುವ ತಾಯಿಯ ಪದ್ಯವೊಂದಿತ್ತು. "ಸಮುದ್ರ ನೋಡಿಲ್ಲಲ್ರೋ ನೀವು? ಬಿಡ್ರಿ. ಬ್ಯಾಡಗಿ ಸ್ಟೇಷನ್ ನೋಡೀರಿಲ್ಲ? ರೈಲು ಹೋದಮ್ಯಾಲೂ ಒಬ್ಬಾಕಿ ಅಲ್ಲೇ ನಿಂತಿರತಾಳ. ಆಕೀನ ಈಕಿ" ಎಂದರು ಸರ್.

ಆದರೆ ಅವರು ಉತ್ತರ ಬರೆಸುತ್ತಿರಲಿಲ್ಲ. ನಮಗೋ, ಬರೆಸಿದ್ದನ್ನು ಬಾಯಿಪಾಠ ಮಾಡುವುದೇ ಓದು. ನಾನು ಗೈಡಿನಿಂದ ಇಳಿಸಿದ್ದ ಉತ್ತರಕ್ಕೆ ಸೊನ್ನೆ ಹಾಕಿ, ಕೆಂಪು ಶಾಯಿಯಲ್ಲಿ 'ಇದು ನಿನ್ನ ಮಾತಲ್ಲ' ಎಂದು ಬರೆದರು. "ಏನಲೇ ಗೈಡಪ್ಪಾ" ಎಂದು ಗೆಳೆಯರು ಕಾಡತೊಡಗಿದರು. ನನಗೆ ತಡೆಯಲಾಗಲಿಲ್ಲ.

ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದೆ, ಇಂಗ್ಲಿಷಿನಲ್ಲೇ. ಇವರು ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತಾರೆ, ಉತ್ತರ ಬರೆಸುವುದಿಲ್ಲ, ನಮಗೇನೂ ತಿಳಿಯುವುದಿಲ್ಲ ಎಂದು. ನಪಾಸಾಗುತ್ತೀರಿ ಎಂದು ಹೆದರಿಸಿ ಎಲ್ಲರ ಸಹಿ ಹಾಕಿಸಿದೆ. ನಿಜ ಹೇಳಬೇಕೆಂದರೆ, ನನಗೆ ಎಲ್ಲ ತಿಳಿಯುತ್ತಿತ್ತು. ಆ ಅರ್ಜಿ ಬರೆಯುವಷ್ಟು ಇಂಗ್ಲಿಷ್ ಬಂದದ್ದೂ ಅವರಿಂದಲೇ... ವಾರದೊಳಗೆ ಅವರನ್ನು ಕೆಲಸದಿಂದ ಬಿಡಿಸಿದರು.

ಹೋಗುವ ದಿನ ನನ್ನನ್ನು ವರಾಂಡಕ್ಕೆ ಕರೆದರು. ಅರ್ಜಿ ಅವರ ಕೈಯಲ್ಲಿತ್ತು.

"ನೀನ ಬರದಿಯೇನು?"

"ಹೌದ್ರಿ ಸರ್."

"ಯಾವ ಗೈಡ್ ನೋಡಿ?"

"ಯಾವದೂ ಇಲ್ರಿ..."

ಕಿಸೆಯಿಂದ ಕೆಂಪು ಪೆನ್ನು ತೆಗೆದು, ಮೇಲಿನಿಂದ ಕೆಳಗಿನತನಕ ಓದಿದರು. ಪೆನ್ನನ್ನು ಹಾಗೇ ಕಿಸೆಗೆ ಹಾಕಿಕೊಂಡರು. "ಇದು ಖರೇ ನಿನ್ನ ಮಾತು. ತಿದ್ದೂದು ಏನೂ ಇಲ್ಲ" ಎಂದರು. ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ನೋಯುತ್ತಿರಲಿಲ್ಲವೇನೋ. ತಪ್ಪಾಯಿತು ಎನ್ನಲಿಲ್ಲ ನಾನು. ಅವರು ರೈಲಿನ ಹೊತ್ತಾಯಿತೆಂದು ನಡೆದರು.

ಪಿಯುಸಿ ದಾಟಿ ನಾನು ಓದಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬ್ಯಾಡಗಿಯ ಆ ಖೋಲಿ ಹುಡುಕಿಕೊಂಡು ಹೋದೆ. ಬಾಗಿಲು ತೆರೆದ ಹೆಂಗಸು, "ಅವ್ರು ತೀರಿಕೊಂಡು ಭಾಳ ದಿನ ಆತ್ರಿ. ನೀವು ಅವ್ರಿಗೆ ಏನಾಗಬೇಕು?" ಎಂದಳು. ಶಿಷ್ಯ ಎನ್ನದೆ, "ಗುರುತಿನಂವ್ರಿ" ಎಂದು ಬಂದ ದಾರಿಗೆ ಹೊರಳಿದೆ.

ಮೊನ್ನೆ ಪುಸ್ತಕ ಕೊಡಲು ಹೋದಾಗ ಮೊಮ್ಮಗಳು ಒಂದು ಪದ್ಯ ತೋರಿಸಿ, "ಇದು ತಿಳಿವಲ್ದು ಅಜ್ಜಾ" ಎಂದಳು. ಅಲ್ಲೂ ಒಬ್ಬಳು ಯಾರನ್ನೋ ಕಾಯುತ್ತಿದ್ದಳು. ನಾನು ಬ್ಯಾಡಗಿ ಸ್ಟೇಷನ್ನಿನಿಂದ ಶುರು ಮಾಡಿದೆ. ಅವಳ ಕಣ್ಣು ಅರಳಿತು.

"ಹಿಂಗ ಹೇಳೂದು ನಿನಗ ಯಾರು ಕಲಿಸಿದ್ರು ಅಜ್ಜಾ?"

ಅವರ ಹೆಸರು ಹೇಳಿದರೆ ಅರ್ಜಿಯ ಮಾತನ್ನೂ ಹೇಳಬೇಕಿತ್ತು... ನಾನು ಸೀನು ಬಂದವನಂತೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡೆ.