ಮಾಟ ಎಂಬ ಮಾತು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಕೆಲಸದಲ್ಲಿದ್ದಾಗ, ನಿವೃತ್ತನಾದ ಮೇಲೆ ನೋಡೋಣ ಅಂದುಕೊಂಡೆ. ನಿವೃತ್ತನಾದ ಮೇಲೆ, ಹೆಂಡತಿ ಇರುವಾಗ ಬೇಡ ಅನ್ನಿಸಿತು. ಈಗ ಅವಳೂ ಇಲ್ಲ. ಮುಂದೂಡಲು ಕಾರಣ ಯಾವುದೂ ಉಳಿದಿಲ್ಲ. ನಮ್ಮೂರು ರಾಯಲ್ಪಾಡಿನ ಕಡೆ ಈಗ ಕನ್ನಡ ಓದುವವರು ಬೇಕಾದಷ್ಟಿದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಊರು ಬಿಟ್ಟ ಹುಡುಗ ಏನಾದ ಎಂದು ಅವರ ತಾತಂದಿರು ಬಹಳ ದಿನ ಕೇಳುತ್ತಿದ್ದರಂತೆ.

ಕೋಲಾರದ ಮೊದಲ ಊಟದಲ್ಲೇ ನಾನು ಬೆಪ್ಪಾದೆ. ಮಿಷನ್ ಬೋರ್ಡಿಂಗಿನ ಉದ್ದನೆಯ ಹಜಾರದಲ್ಲಿ ಹುಡುಗರೆಲ್ಲ ಸಾಲಾಗಿ ಕೂತಿದ್ದರು. ತಟ್ಟೆಗೆ ಮುದ್ದೆ ಬಿತ್ತು, ಹುರುಳಿ ಸಾರು ಬಿತ್ತು. ನಾನು ಮುರಿದು ನುಂಗಿದೆ. ತಲೆಯೆತ್ತಿ ನೋಡಿದರೆ ಸಾಲಿಗೆ ಸಾಲೇ ಕಣ್ಣು ಮುಚ್ಚಿಕೊಂಡಿದೆ. ಯಾರೋ ಸತ್ತ ಸುದ್ದಿ ಬಂದಿರಬೇಕು ಅಂದುಕೊಂಡೆ. ಅಷ್ಟು ಜನರ ನಡುವೆ ನನ್ನೊಬ್ಬನ ಗಂಟಲಿನ ಸದ್ದು. ಪ್ರಾರ್ಥನೆ ಮುಗಿದ ಮೇಲೆ ಪಕ್ಕದವನು ಬಾಗಿ, "ಏನ್ಲಾ, ನಿಮ್ಮೂರಾಗೆ ದೇವ್ರಿಗಿಂತ ಮುಂಚೆ ನೀನೇ ಉಣ್ತೀಯಾ?" ಅಂದ. ನಮ್ಮೂರಿನಲ್ಲಿ ದೇವರಿಗೆ ಎಡೆ ಇಡುವುದು ಹಬ್ಬಕ್ಕೆ ಮಾತ್ರ. ಉಳಿದ ದಿನ ಹಸಿದವರು ಮೊದಲು.

ದೂರ ಹೋದವನೇನಲ್ಲ ನಾನು. ಊರಿನಿಂದ ಶ್ರೀನಿವಾಸಪುರದವರೆಗೆ ಗಾಡಿ, ಅಲ್ಲಿಂದ ಕೋಲಾರಕ್ಕೆ ಸಣ್ಣ ರೈಲು. ಆದರೆ ಮನೆಯಲ್ಲಿ ತೆಲುಗು ಬಿಟ್ಟು ಬೇರೆ ಮಾತು ಕೇಳದ ಹುಡುಗನಿಗೆ ಅದು ಸಮುದ್ರ ದಾಟಿದಂತೆಯೇ ಇತ್ತು. ನಮ್ಮ ಕಡೆಗೆ ಬರುತ್ತಿದ್ದ ಉಪದೇಶಿಯೊಬ್ಬರು, ಅಂದರೆ ಹಳ್ಳಿ ತಿರುಗಿ ಕ್ರಿಸ್ತನ ವಿಷಯ ಹೇಳುವವರು, ನಾನು ಓದುವುದನ್ನು ಕಂಡು ಹೈಸ್ಕೂಲಿನ ಆಸೆ ಹುಟ್ಟಿಸಿದರು. ಅಮ್ಮ ಅತ್ತಳು. ಅಪ್ಪ ಹೋಗಲಿ ಅಂದ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು.

ಕನ್ನಡವನ್ನು ನಾನು ಕಲಿತದ್ದು ಬೈಬಲಿನಿಂದ. ಹಾಗಾಗಿ ಸಂತೆಗೆ ಹೋದರೂ ಬಾಯಿಂದ ಬರುತ್ತಿದ್ದುದು ಅದೇ ಕನ್ನಡ. ಬೋರ್ಡಿಂಗಿಗೆ ಸೊಪ್ಪು ತರಲು ಕಳಿಸಿದಾಗ, ಕೊಸರು ಕೇಳುವುದಕ್ಕೆ ಇನ್ನೊಂದು ಕಟ್ಟನ್ನು ಅನುಗ್ರಹಿಸಿರಿ ಎಂದು ಕೈ ಮುಗಿದೆ. ಮಾರುವಾಕೆ ಪಕ್ಕದವಳ ಮುಖ ನೋಡಿ, "ಅನುಗ್ರಹ ಬೇಕಾದ್ರೆ ಅಂತರಗಂಗೆ ಬೆಟ್ಟ ಹತ್ತು ಕಣಪ್ಪ. ನನ್ ಹತ್ರ ಇರೋದು ದಂಟಿನ ಸೊಪ್ಪು" ಅಂದಳು. ಬಂದು ವರ್ಷವಾಗುವ ಹೊತ್ತಿಗೆ ಹೋಗುವೆನು ಎನ್ನುವುದನ್ನು ಬಿಟ್ಟು ಹೋಗ್ತೀನಿ ಎನ್ನಲು ಬಂತು. ಆ ಊರಿನಲ್ಲಿ ನಾನು ಗೆದ್ದದ್ದು ಎಂದರೆ ಅದೇ.

ಎಲ್ಲಕ್ಕಿಂತ ಹೊಸದಾಗಿದ್ದುದು ಒಂದು ಪ್ರಶ್ನೆ. ನೀನು ನಂಬುತ್ತೀಯಾ? ಊರಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ. ನಂಬುವುದು ಬಿಡುವುದು ಮನುಷ್ಯರ ವಿಷಯ. ದನದ ದಲ್ಲಾಳಿಯನ್ನು ನಂಬಬಹುದೇ ಎಂದು ಕೇಳುತ್ತಿದ್ದರು. ಚೌಡಮ್ಮನನ್ನು ನಂಬುತ್ತೀಯಾ ಎಂದರೆ ಅಪ್ಪ ನಕ್ಕುಬಿಡುತ್ತಿದ್ದ. ಅವಳು ಊರ ಹೊರಗೆ ಇದ್ದಳು, ನಾವು ಒಳಗೆ ಇದ್ದೆವು. ಇಲ್ಲಿ ಹಾಗಲ್ಲ. ನಂಬುತ್ತೇನೆ ಎಂದು ಎದ್ದು ನಿಂತು ಎಲ್ಲರ ಎದುರು ಹೇಳಬೇಕು. ಹೇಳಿದೆ. ತಲೆಯ ಮೇಲೆ ನೀರು ಬಿತ್ತು, ಕತ್ತಿನಿಂದ ಅಂಗಿಯೊಳಕ್ಕೆ ಇಳಿಯಿತು. ಇನ್ನೇನೋ ಆಗುತ್ತದೆ ಎಂದು ಕಾದೆ. ತಣ್ಣಗಾಯಿತು, ಆಮೇಲೆ ಒಣಗಿತು. ಅಷ್ಟೇ.

ಅಳುವವರನ್ನು ನೋಡಿದ್ದೇನೆ. ಪ್ರಾರ್ಥನೆ ಮಾಡುತ್ತಾ ಮುಖ ಬೆಳಗಿದವರನ್ನೂ ನೋಡಿದ್ದೇನೆ. ಅವರೆಲ್ಲ ನಟಿಸುತ್ತಿದ್ದರು ಎಂದು ಹೇಳಲಾರೆ. ನನಗೆ ಮಾತ್ರ ಅಲ್ಲಿ ಏನೂ ಇರಲಿಲ್ಲ. ಅದನ್ನು ಯಾರಿಗಾದರೂ ಹೇಳಿದರೆ ಹೈಸ್ಕೂಲು ಹೋಗುತ್ತದೆ, ತಿರುಗಿ ಊರಿಗೂ ಹೋಗಲಾಗದು ಎಂಬುದು ಗೊತ್ತಿತ್ತು. ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ನನಗೆ ಜಗಲಿಯ ಮೇಲೆ ಊಟ ಇಟ್ಟಿದ್ದಳು. ತಟ್ಟೆಯನ್ನು ನಾನೇ ತೊಳೆದಿಟ್ಟು ಬಂದಿದ್ದೆ.

ಹೇಳಿದ್ದು ಒಬ್ಬಳಿಗೆ. ಬೋರ್ಡಿಂಗಿನ ರಾಗಿ ಬೀಸುತ್ತಿದ್ದ ಹೆಂಗಸಿಗೆ. ಅವಳೂ ರಾಯಲ್ಪಾಡಿನ ಕಡೆಯವಳೇ. ಗಂಡ ಸತ್ತ ಮೇಲೆ ಮಿಷನ್ನಿಗೆ ಬಂದು, ದೀಕ್ಷಾಸ್ನಾನ ತೆಗೆದುಕೊಂಡು, ಕಾಂಪೌಂಡಿನ ಸಾಲುಮನೆಯ ಕೊನೆಯ ಕೋಣೆಯಲ್ಲಿದ್ದಳು. ನಾನು ಅವಳನ್ನು ಪೆದ್ದಮ್ಮ ಎನ್ನುತ್ತಿದ್ದೆ. ನಮ್ಮ ತೆಲುಗಿನಲ್ಲಿ ದೊಡ್ಡಮ್ಮ ಎಂದಂತೆ. ಪೆದ್ದಮ್ಮ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಬರುವುದು ಅಪರೂಪ. ಬೀಸುವಾಗ ದೇವರೊಡನೆ ಮಾತಾಡುತ್ತಿದ್ದಳು. ಅದು ಪ್ರಾರ್ಥನೆಯ ಧಾಟಿಯೇ ಅಲ್ಲ. ಪಡಸಾಲೆಯಲ್ಲಿ ಕೂತ ಮನೆಯವರೊಬ್ಬರಿಗೆ ಅಡುಗೆಮನೆಯಿಂದ ಹೇಳಿದ ಹಾಗೆ. ಏಮಯ್ಯಾ ಎಂದು ಶುರು ಮಾಡಿ, ರಾಗಿಯಲ್ಲಿ ಕಲ್ಲು ಜಾಸ್ತಿಯಾಗಿದೆ ಎನ್ನುವಳು, ಮಂಡಿ ನೋವು ಎನ್ನುವಳು, ಯಾರದೋ ಮಗಳಿಗೆ ಹೆರಿಗೆ ಹತ್ತಿರವಾಗಿದೆ, ನೀನು ಅಲ್ಲಿ ಇರು ಎನ್ನುವಳು. ದೇವಾಲಯಕ್ಕೆ ಯಾಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ, ಅಲ್ಲಿ ನಮ್ಮ ಸರದಿ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟು ಹೊತ್ತಿಗೆ ಹೇಳಬೇಕಾದ್ದು ಮರೆತುಹೋಗುತ್ತದೆ ಅಂದಳು.

ಒಂದು ಭಾನುವಾರ ಆರಾಧನೆ ನಡೆಯುವಾಗಲೇ ಹೊರಗೆ ಬಂದು ಅವಳ ಬೀಸುವ ಕಲ್ಲಿನ ಪಕ್ಕ ಕೂತೆ. ನನಗೆ ಏನೂ ಅನ್ನಿಸುವುದಿಲ್ಲ ಪೆದ್ದಮ್ಮ, ದೇವರು ಇದ್ದಾನೆ ಎಂದೂ ಅನ್ನಿಸುವುದಿಲ್ಲ ಅಂದೆ. ಅವಳು ಕಲ್ಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಅನ್ನಿಸ್ದೆ ಇದ್ರೆ ಬಿಡು ನಾಯ್ನಾ. ಹಸಿವಿಲ್ದೋನಿಗೆ ತುರುಕಿದ್ರೆ ಕಕ್ತಾನೆ. ಆಯಪ್ಪಂಗೇನು ಅದಕ್ಕೆಲ್ಲಾ ಕೋಪ ಬರಲ್ಲ."

"ಬೇರೆಯವರಿಗೆ ಬರುತ್ತಲ್ಲ?"

"ಅವ್ರ ಹತ್ರ ಹೇಳ್ಬೇಡ ಮತ್ತೆ" ಎಂದು ನಕ್ಕಳು. ತಾನೂ ಯಾರಿಗೂ ಹೇಳಲಿಲ್ಲ.

ನಾನು ಹೈಸ್ಕೂಲು ಮುಗಿಸಿದ ವರ್ಷ ಬೆಳಗಾವಿ ಕಡೆಯಿಂದ ಹೊಸ ಪಾದ್ರಿಗಳು ಬಂದರು. ಅವರನ್ನು ಅಯ್ಯನವರು ಎನ್ನುತ್ತಿದ್ದೆವು. ಕಾಂಪೌಂಡಿನಲ್ಲಿ ತೆಲುಗು ತಿಳಿಯದವರು ಎಂದರೆ ಅವರು ಮತ್ತು ಅವರ ಹೆಂಡತಿ. ಅವರ ಕೈಗೂಸಿಗೆ ಜ್ವರ ಬಂತು. ಪೆದ್ದಮ್ಮ ನೋಡಲು ಹೋದಳು. ಮಗುವಿನ ಹಣೆ ಮುಟ್ಟಿ, ತನ್ನ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತಾಯಿಗೆ ಧೈರ್ಯ ಹೇಳಿದಳು: "ನಿನ್ ಬಿಡ್ಡಕ್ಕೆ ಒಂದು ಮಾಟ ಹಾಕಿದೀನಮ್ಮ, ಇನ್ನು ಭಯ ಇಲ್ಲ."

ತೆಲುಗಿನಲ್ಲಿ ಮಾಟ ಎಂದರೆ ಮಾತು. ದೇವರ ಕಿವಿಗೆ ನಿನ್ನ ಮಗುವಿನ ಬಗ್ಗೆ ಒಂದು ಮಾತು ಹಾಕಿದ್ದೇನೆ ಎಂದು ಅವಳು ಹೇಳಿದ್ದು. ಕನ್ನಡದ ತಾಯಿ ಕೇಳಿಸಿಕೊಂಡದ್ದು ಬೇರೆ. ಆ ವಾರವೇ ಮಗು ತೀರಿಕೊಂಡಿತು.

ಮಣ್ಣು ಮಾಡಿ ಬಂದ ಮೇಲೆ ಆ ತಾಯಿ ಊಟ ಬಿಟ್ಟರು. ಅವಳು ಮಾಟ ಮಾಡಿದಳು, ನನ್ನ ಎದುರಿಗೇ ಹೇಳಿ ಮಾಡಿದಳು ಎನ್ನುವುದೊಂದೇ ಮಾತು. ಕಾಂಪೌಂಡಿನವರಿಗೆಲ್ಲ ನಿಜ ಗೊತ್ತಿತ್ತು. ಕೆಲವರು ಒಳಗೊಳಗೇ ನಕ್ಕರು ಕೂಡ. ಆದರೆ ಅಯ್ಯನವರು ತಾವಾಗಿ ಕೇಳದೆ ಅವರ ಬಳಿ ಹೋಗಿ ಬಾಯಿ ಬಿಡುವವರು ಅಲ್ಲಿ ಇರಲಿಲ್ಲ. ಅವರು ಕೇಳಿದ್ದು ನನ್ನನ್ನು.

ದೇವಾಲಯದ ಹಿಂದಿನ ಕೋಣೆಗೆ ನನ್ನನ್ನು ಕರೆಸಿದರು. ಮೇಜಿನ ಆಚೆ ಅಯ್ಯನವರು, ಪಕ್ಕದಲ್ಲಿ ಸಭೆಯ ಹಿರಿಯರಿಬ್ಬರು, ಬಾಗಿಲ ಹತ್ತಿರ ನೆಲದ ಮೇಲೆ ಪೆದ್ದಮ್ಮ. ಅವಳ ಕೋಣೆ, ಕೆಲಸ, ಸಭೆಯಲ್ಲಿ ಅವಳ ಹೆಸರು, ಮೂರೂ ಇರುತ್ತವೋ ಇಲ್ಲವೋ ಎಂದು ಅಂದು ತೀರ್ಮಾನವಾಗಬೇಕಿತ್ತು. ಅಯ್ಯನವರು ಕೆಟ್ಟವರಲ್ಲ. ನಿದ್ದೆಯಿಲ್ಲದೆ ಅವರ ಕಣ್ಣು ಕೆಂಪಾಗಿತ್ತು. ಮೆಲ್ಲಗೆ ಕೇಳಿದರು.

"ಮಾಟಾ ಮಂತ್ರಾ ನಾ ನಂಬಾಂವಲ್ಲಪಾ. ಆದ್ರ ನಮ್ಮ ಸಭಾದಾಗಿನ ಹೆಣ್ಮಗಳು ಅದನ್ನ ಮಾಡೂದಾದ್ರ ನಾ ಸುಮ್ನ ಕುಂದ್ರೂದು ಹ್ಯಾಂಗ? ನಿಮ್ಮ ತೆಲುಗಿನ್ಯಾಗ ಆ ಶಬ್ದದ ಅರ್ಥ ಏನೈತಿ, ನೀ ಹೇಳು."

ಹಿರಿಯರಲ್ಲೊಬ್ಬರು ಪೆದ್ದಮ್ಮನ ಕಡೆ ತಿರುಗಿ, ನೀನೇನಾದರೂ ಹೇಳುವುದಿದೆಯೇ ಎಂದರು. ಅವಳು ನನ್ನ ಕಡೆ ಕೈ ತೋರಿಸಿ, ಹುಡುಗ ಓದಿದವನು, ಅವನೇ ಹೇಳಲಿ ಅಂದಳು. ಅವಳ ಮುಖದಲ್ಲಿ ಗಾಬರಿಯೇ ಇರಲಿಲ್ಲ.

ಆಗ ನನ್ನ ತಲೆಯಲ್ಲಿದ್ದುದು ಇಷ್ಟು. ಮಾಲೂರಿನ ಮಿಷನ್ ಶಾಲೆಗೆ ಮಾಸ್ತರು ಬೇಕಾಗಿದ್ದರು; ನನ್ನ ಹೆಸರನ್ನು ಅಯ್ಯನವರೇ ಹೇಳಬೇಕಿತ್ತು. ಆರಾಧನೆಯ ಹೊತ್ತಿನಲ್ಲಿ ನಾನು ಬೀಸುವ ಕಲ್ಲಿನ ಹತ್ತಿರ ಕೂತಿದ್ದುದನ್ನು ನೋಡಿದವರಿದ್ದರು. ಅವಳ ಪರ ನಿಂತರೆ, ಅಲ್ಲಿ ಕೂತು ಏನು ಮಾತಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಅದಾದ ಮೇಲೆ ನೀನು ನಂಬುತ್ತೀಯಾ ಎಂಬ ಪ್ರಶ್ನೆ.

"ಎರಡೂ ಆಗ್ಬಹುದು ಅಯ್ಯನೋರೇ" ಅಂದೆ. "ಹಿಂಗೇ ಅಂತ ಹೇಳಕ್ಕಾಗಲ್ಲ."

ಸುಳ್ಳು ಅದು. ತೆಲುಗಿನ ಯಾವ ಮೂಲೆಯಲ್ಲೂ ಆ ಪದಕ್ಕೆ ಆ ಅರ್ಥವಿಲ್ಲ. ಇದನ್ನು ಓದುತ್ತಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ತೆಲುಗು ಗೊತ್ತಿದ್ದ ಹಿರಿಯರೂ ತಲೆಯಾಡಿಸಿದರು. ಪೆದ್ದಮ್ಮ ನನ್ನನ್ನೇ ನೋಡುತ್ತಿದ್ದಳು. ನನ್ನ ಗುಟ್ಟು ಅವಳ ಬಾಯಲ್ಲಿತ್ತು. ಇವನೇನು ಸಾಕ್ಷಿ, ಇವನೇ ನಂಬದವನು ಎಂದು ಆ ಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

ಕೋಣೆ, ಕೆಲಸ, ಹೆಸರು, ಮೂರೂ ಹೋದವು. ಮಾರನೆಯ ಬೆಳಗ್ಗೆ ಅವಳು ಗಂಟು ಹೊತ್ತುಕೊಂಡು ಗೇಟಿನ ಕಡೆ ಹೋಗುವಾಗ ನಾನು ದಾರಿಯಲ್ಲೇ ಸಿಕ್ಕೆ. ತಪ್ಪಿಸಿಕೊಳ್ಳಲು ಆಗಲಿಲ್ಲ. ಅವಳು ನಿಂತು, ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟೇ: "ನೀಕು ತೆಲ್ಸು ಕದಾ ನಾಯ್ನಾ." ನಿನಗೆ ಗೊತ್ತಲ್ಲಪ್ಪಾ, ಎಂದು. ಬೈಗುಳವಲ್ಲ ಅದು. ಖಚಿತ ಮಾಡಿಕೊಳ್ಳಲು ಕೇಳಿದ ಹಾಗಿತ್ತು. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಅವಳು ಹೋದಳು. ಅಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ. ದುಃಖವಾಗಲಿ ನಾಚಿಕೆಯಾಗಲಿ ಬರುತ್ತದೆ ಎಂದು ಕಾದೆ. ದೀಕ್ಷಾಸ್ನಾನದ ದಿನ ಕಾದ ಹಾಗೆಯೇ.

ಮಾಲೂರಿನ ಕೆಲಸ ಸಿಕ್ಕಿತು. ಹೆಂಚಿನ ಮನೆ, ಹಿತ್ತಿಲಲ್ಲಿ ಸೇದುವ ಬಾವಿ. ಮಾಲೂರಿನವರು ನನ್ನನ್ನು ತೆಲುಗು ಮೇಷ್ಟ್ರು ಎಂದರು. ಊರಿಗೆ ಹೋದರೆ ಅಲ್ಲಿ ಕಿಲಸ್ತಾನದವನು. ಮದುವೆಯಾಯಿತು, ಮಕ್ಕಳಾದರು, ಅವರಿಗೂ ದೀಕ್ಷಾಸ್ನಾನ ಮಾಡಿಸಿದೆ. ಭಾನುವಾರಗಳನ್ನು ತಪ್ಪಿಸಲಿಲ್ಲ. ದೇವರ ವಾಕ್ಯ ಎಂದು ನಾನು ಎದ್ದು ನಿಂತು ಓದುವಾಗ, ನಮ್ಮ ಮನೆಯ ತೆಲುಗಿನಲ್ಲಿ ಅದಕ್ಕೆ ದೇವುಡಿ ಮಾಟ ಅನ್ನುತ್ತಾರೆ ಎಂಬುದು ಪ್ರತಿ ಸಲವೂ ನೆನಪಿಗೆ ಬರುತ್ತಿತ್ತು. ಓದುವುದನ್ನು ನಿಲ್ಲಿಸಲಿಲ್ಲ.

ಯುದ್ಧ ಮುಗಿದ ಮೇಲೆ ಒಮ್ಮೆ, ಪೆದ್ದಮ್ಮ ಹೋಗಿ ಸೇರಿದ್ದ ಅವಳ ತಮ್ಮನ ಮನೆ ಹುಡುಕಿಕೊಂಡು ಹೋದೆ. ಮುಳಬಾಗಿಲಿನವರೆಗೆ ಬಸ್ಸು, ಮುಂದೆ ಸಿಕ್ಕಿದ ಗಾಡಿ, ನಡಿಗೆ. ಅವಳು ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಊರ ಗುಡಿಗೆ ಹೋಗು ಎಂದು ಮನೆಯವರು ಬಲವಂತ ಮಾಡಿದರಂತೆ, ಹೋಗಲಿಲ್ಲ. ನಿನ್ನ ಪಾದ್ರಿಯನ್ನು ಕರೆಸೋಣವೇ ಎಂದರಂತೆ, ಬೇಡ ಅಂದಳಂತೆ. ಕೊನೆಗೆ ಮಂತ್ರವೂ ಇಲ್ಲದೆ ಪ್ರಾರ್ಥನೆಯೂ ಇಲ್ಲದೆ ಮಾವಿನ ತೋಪಿನ ಅಂಚಿನಲ್ಲಿ ಅವರೇ ಮಣ್ಣು ಮಾಡಿದರು. ತಮ್ಮನ ಸೊಸೆ ನೀರು ಕೊಟ್ಟು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು. ಕೋಲಾರದಲ್ಲಿ ಪರಿಚಯ ಅಂದೆ.

ಈಗಲೂ ಮಾಲೂರಿನಲ್ಲೇ ಇದ್ದೇನೆ. ದೇವರಿದ್ದಾನೆ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಇಲ್ಲ ಎಂದು ಎದ್ದು ಹೇಳಿ ಸಭೆಯಿಂದ ಹೊರಬರುವ ಧೈರ್ಯವೂ ಬರಲಿಲ್ಲ. ಅವಳು ಮಾತಾಡುತ್ತಿದ್ದಾಗ ಆ ಕಡೆ ಕೇಳುವವರು ಇದ್ದರೋ ಇಲ್ಲವೋ ತಿಳಿಯದು, ಮಾತಾಡುವವಳಂತೂ ಇದ್ದಳು. ನಾನು ದೇವಾಲಯದಲ್ಲೂ ಪೂರ್ತಿ ಇರಲಿಲ್ಲ, ಹೊರಗೂ ಇರಲಿಲ್ಲ. ರಾಯಲ್ಪಾಡಿನವನೂ ಅಲ್ಲ, ಮಾಲೂರಿನವನೂ ಅಲ್ಲ. ಕನಸು ಬಿದ್ದರೆ ತೆಲುಗಿನಲ್ಲಿ ಬೀಳುತ್ತದೆ, ಎದ್ದು ಹೆಂಡತಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

ನಮ್ಮ ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೆ ಪಾಪ ಒಪ್ಪಿಕೊಳ್ಳುವ ಭಾಗವೊಂದಿದೆ. ಸಭೆಯೇ ಒಂದೇ ದನಿಯಲ್ಲಿ ಹೇಳುತ್ತದೆ, ಕ್ಷಮೆಯಾಯಿತೆಂದು ಪಾದ್ರಿಗಳು ಹೇಳುತ್ತಾರೆ, ಎಲ್ಲರೂ ಕೂರುತ್ತಾರೆ. ಇಷ್ಟು ವರ್ಷವೂ ಹೇಳಿದ್ದೇನೆ, ಕೂತಿದ್ದೇನೆ. ಇದ್ದಾನೋ ಇಲ್ಲವೋ ತಿಳಿಯದವನಲ್ಲಿ ಕ್ಷಮೆ ಕೇಳಿದ್ದು ಅದೆಷ್ಟು ಸಲವೋ. ಎದುರಿಗೇ ನಿಂತು, ನಿನಗೆ ಗೊತ್ತಲ್ಲಪ್ಪಾ ಎಂದವಳಲ್ಲಿ ಒಂದು ಸಲವೂ ಕೇಳಲಿಲ್ಲ. ಪೆದ್ದಮ್ಮನ ಹುಟ್ಟುಹೆಸರು ದೇವಿಯದೆಂದು ಮಿಷನ್ನಿನವರು ಅದನ್ನು ತೆಗೆದು ಬೇರೆ ಹೆಸರಿಟ್ಟರು; ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಗಂಗುಲಮ್ಮ.