ಗಂಜಿಯ ಹಾಗೆ ಹಚ್ಚಿದ ಮುಲಾಮು

ಅಪ್ಪನ ಹೊಟ್ಟೆಯ ಮೇಲೆ, ಎಡತೋಳಿನ ಮೇಲೆ ಕೆಂಪು ಮಚ್ಚೆಗಳು ಎದ್ದು ಮೂರು ವರ್ಷವಾದರೂ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬನಹಟ್ಟಿಯ ನೇಕಾರರ ಮನೆಯಲ್ಲಿ ಚರ್ಮ ಕೆಂಪಾದರೆ ತಪ್ಪು ನೂಲಿನ ಬಣ್ಣದ್ದೇ. ಕೊಬ್ಬರಿ ಎಣ್ಣೆ ಸವರಿ ಮತ್ತೆ ಮಗ್ಗದ ಮುಂದೆ ನಿಲ್ಲುವುದು, ಅಷ್ಟೆ. ಕೊನೆಗೆ ನಾನೇ ಜಗಳ ತೆಗೆದು ಬೆಳಗಾವಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಮಚ್ಚೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಬಣ್ಣದ ಕೆಲಸವಾಗಿರಲಿಲ್ಲ. ಚರ್ಮದಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ಕ್ಯಾನ್ಸರು.

ಅವರು ಬರೆದುಕೊಟ್ಟ ಮುಲಾಮಿನ ಹೆಸರನ್ನು ಎರಡೆರಡು ಸಲ ಓದಿದೆ. ನಾನು ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಯುದ್ಧದಲ್ಲಿ ಸೈನಿಕರ ಮೈಮೇಲೆ ಬೊಬ್ಬೆ ಎಬ್ಬಿಸಿದ ಸಾಸಿವೆ ಅನಿಲದ ಪಾಠ ವರ್ಷಕ್ಕೊಮ್ಮೆ ಮಾಡುತ್ತೇನೆ. ಅದರಲ್ಲಿ ಸಾಸಿವೆಯ ಒಂದು ಕಾಳೂ ಇಲ್ಲ, ವಾಸನೆಗೆ ಬಂದ ಹೆಸರು ಎಂದು ಹೇಳಿ ಮಕ್ಕಳನ್ನು ನಗಿಸುತ್ತೇನೆ. ಅಪ್ಪನ ಮುಲಾಮು ಅದೇ ರಾಸಾಯನಿಕ ಮನೆತನದ್ದು. ಮಚ್ಚೆಗಳಿಗೆ ಮಾತ್ರ, ತೆಳ್ಳಗೆ, ಗ್ಲೌಸು ಹಾಕಿಕೊಂಡು ಹಚ್ಚಬೇಕು ಎಂದು ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ವಿಷ ಎಂದರೆ ಅಪ್ಪ ಮುಟ್ಟುವುದಿಲ್ಲ ಎಂದು ನನಗೆ ಹೆದರಿಕೆ. ಹಾಗಾಗಿ ಗ್ಲೌಸಿನ ಪೊಟ್ಟಣ ಕೈಗಿಟ್ಟು, "ನೂಲಿಗೆ ಹಚ್ಚೂ ಗಂಜಿ ಇದ್ದಂಗ ಐತಿ ಅಪ್ಪಾ, ಮಚ್ಚಿಗೆ ತೆಳ್ಳಗ ಹಚ್ಕೋ" ಎಂದಷ್ಟೇ ಹೇಳಿ ಜಮಖಂಡಿಗೆ ಮರಳಿದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಶನಿವಾರ ಕಾಲೇಜು ಮುಗಿಸಿ ಬನಹಟ್ಟಿಗೆ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೂರು. ಅಪ್ಪ ಅಂಗಿ ಬಿಚ್ಚಿ ಹೆಮ್ಮೆಯಿಂದ ತೋರಿಸಿದ.

"ಮುಂಜಾನೆ ಅರ್ಧಾ ಟ್ಯೂಬು ಹಚ್ಚೇನಿ ನೋಡ್ ಯವ್ವಾ. ಒಂದ್ ಕಡೆ ಬಿಟ್ಟಿಲ್ಲ."

"ಗ್ಲೌಸು?"

"ಅದನ್ನ ಹಾಕ್ಕೊಂಡ್ರ ಬೆರಳಿಗೆ ಹೆಂಗ ತಿಳೀತೈತಿ? ಗಂಜಿ ಬೆರಳಿಗೆ ತಿಳೀಬೇಕು."

ಅಪ್ಪನ ಹರೆಯದಲ್ಲಿ ಹಾಸಿನ ನೂಲನ್ನು, ಎಂದರೆ ಬಟ್ಟೆಯ ಉದ್ದುದ್ದ ಎಳೆಗಳನ್ನು, ಓಣಿಯುದ್ದಕ್ಕೂ ಎಳೆದು ಕಟ್ಟಿ, ತುದಿಯಿಂದ ತುದಿಗೆ ಗಂಜಿ ಹಚ್ಚುತ್ತಿದ್ದರಂತೆ. ಗೇಣು ಜಾಗ ಒಣಗಿ ಉಳಿದರೂ ಅಲ್ಲೇ ಎಳೆ ಹರಿಯುತ್ತದೆ. ನಾನು ಗಂಜಿ ಎಂದಿದ್ದೆ. ಅವನು ಗಂಜಿಯ ಹಾಗೇ ಒಳ್ಳೆಯ ಚರ್ಮಕ್ಕೂ ಬಳಿದುಕೊಂಡಿದ್ದ.

"ಉರಿ ಐತೇನು?" ಎಂದೆ.

"ಏನೂ ಇಲ್ಲ. ತಣ್ಣಗೈತಿ."

ನನಗೆ ಭಯ ಹುಟ್ಟಿಸಿದ್ದೇ ಆ ತಂಪು. ಈ ಮನೆತನದ ವಿಷ ಚರ್ಮದೊಳಗೆ ಹೋಗುವಾಗ ಸದ್ದು ಮಾಡುವುದಿಲ್ಲ. ಅಪ್ಪನ ಮೈಕೈಗೆ ಸೋಪು ಹಚ್ಚಿ ಗಸಗಸ ತೊಳೆದೆ. ಬೆಳಿಗ್ಗೆಯೇ ಒಳಗೆ ಸೇರಿದ್ದು ತೊಳೆದರೆ ಹೋಗದು ಎಂದು ಗೊತ್ತಿದ್ದೂ ತೊಳೆದೆ. ಫೋನಿನಲ್ಲಿ ಡಾಕ್ಟರು, ಮುಲಾಮು ನಿಲ್ಲಿಸಿ, ಬೊಬ್ಬೆ ಬಂದರೆ ಒಡೆಯದೆ ಕರೆದುಕೊಂಡು ಬನ್ನಿ ಎಂದರು.

ಭಾನುವಾರವಿಡೀ ನಾನು ಕೂತಲ್ಲಿ ಕೂರಲಿಲ್ಲ. ಗಳಿಗೆಗೊಮ್ಮೆ ಹೋಗಿ ಅಪ್ಪನ ಹೆಬ್ಬೆರಳು, ತೋರುಬೆರಳು ತಿರುಗಿಸಿ ನೋಡುತ್ತಿದ್ದೆ. ಹರಿದ ಎಳೆಯನ್ನು ಹೊಸೆದು ಕೂಡಿಸುವುದು ಆ ಎರಡು ಬೆರಳೇ. ಅವುಗಳ ಸ್ಪರ್ಶ ಹೋದರೆ ಅಪ್ಪನಿಗೆ ಮಗ್ಗವಿಲ್ಲ, ಮಗ್ಗವಿಲ್ಲದ ಅಪ್ಪನನ್ನು ನಾನು ಕಂಡೇ ಇಲ್ಲ.

"ಕುಂದರ ಬೇ, ಬೆಕ್ಕು ಮರಿ ಹಾಕಾಕ ಜಾಗಾ ಹುಡುಕಿದಂಗ ತಿರಗಾಡಾಕತ್ತಿ" ಎಂದು ಬೈದ.

ಸೋಮವಾರ ತೋಳು ಕೆಂಪಾಯಿತು. ಮಂಗಳವಾರ ಆ ಎರಡೂ ಬೆರಳಿನ ತುದಿಯಲ್ಲಿ ನೀರು ತುಂಬಿದ ಬೊಬ್ಬೆ. ಬೆಳಗಾವಿಯಲ್ಲಿ ಡಾಕ್ಟರು ಪಟ್ಟಿ ಕಟ್ಟಿ, ಬೈಗುಳವನ್ನೆಲ್ಲ ನನಗೇ ಕೊಟ್ಟರು. ಕೊಡಲಿ, ತಪ್ಪು ನನ್ನದೇ. ಮರಳುವ ಬಸ್ಸಿನಲ್ಲಿ ಅಪ್ಪ ಕೇಳಿದ:

"ಏನ್ ಕೊಟ್ಟಿದ್ದಿ ನನಗ? ಖರೆ ಹೇಳು."

ಹೇಳಿದೆ. "ಮೈಯಾಗಿನ ಒಂದೊಂದು ಕಣದಾಗೂ ಎರಡೆಳಿ ಹೊಸದ ದಾರ ಇರತೈತಿ ಅಪ್ಪಾ. ಈ ಔಷಧ ಆ ಎರಡೂ ಎಳಿ ಅಂಟಸತೈತಿ. ಕಣ ಒಂದಿದ್ದದ್ದು ಎರಡಾಗಬೇಕಂದ್ರ ಎಳಿ ಬಿಡಬೇಕು. ಬಿಡೂದಿಲ್ಲ."

"ಗಂಜಿ ಹೆಚ್ಚಾಗಿ ಹಾಸು ಅಂಟಿದಂಗ" ಎಂದ ಅಪ್ಪ. "ಕಣದಾಗೂ ಮಗ್ಗಾ ನಿಲ್ಲಸ್ತಾರೇನು ಮತ್ತ?"

ನಿಲ್ಲಿಸುತ್ತಾರೆ. ಕಣ ತನ್ನ ಕೆಲಸ ನಿಲ್ಲಿಸುತ್ತದೆ, ರಿಪೇರಿಯ ಪ್ರೋಟೀನುಗಳು ಓಡಿ ಬರುತ್ತವೆ, ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಸರಿಯಿದ್ದ ಎಳೆಯನ್ನು ನೋಡಿ ಹೊಸದನ್ನು ತುಂಬುತ್ತವೆ. ಇದನ್ನೆಲ್ಲ ಅವನ ಭಾಷೆಯಲ್ಲೇ ಹೇಳಿದೆ.

"ಬಿಡಸಾಕ ಬರದಷ್ಟು ಅಂಟಿದ್ರ?"

"ಆ ಕಣ ತಾನಾ ಸಾಯತೈತಿ. ಕ್ಯಾನ್ಸರಿನ ಕಣ ರಿಪೇರಿಗೆ ನಿಲ್ಲದ ಎರಡಾಗಕೋತ ಹೋಗತಾವು, ಅದಕ್ಕ ಅವು ಜಲ್ದಿ ಸಾಯತಾವು. ಛಲೋ ಕಣ ಉಳೀಲಿ ಅಂತ ಮಚ್ಚಿಗಷ್ಟ ಹಚ್ಚೂದು."

ಬಸ್ಸು ಮುಧೋಳ ದಾಟಿತು. ಅಪ್ಪ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ: "ಇಷ್ಟ ಇದ್ರ ಅವತ್ತ ಹೇಳಬೇಕಿಲ್ಲೇನು? ನಾ ಮಗ್ಗದಾಂವ ಬೇ. ಎಳಿ ಅಂಟೂದಂದ್ರ ಏನಂತ ನಿನಗಿಂತ ನನಗ ಹೆಚ್ಚು ಗೊತ್ತೈತಿ."

ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಬೆರಳಿಗೆ ಹೊಸ ಚರ್ಮ ಬರಲು ವಾರಗಳೇ ಹಿಡಿದವು. ಮಗ್ಗಕ್ಕೆ ಮರಳಿದ ಮೊದಲ ದಿನ ಬೆರಳಿನಿಂದ ಎಳೆ ಮೂರು ಸಲ ಜಾರಿತು. ನಾಲ್ಕನೆಯ ಸಲ ನಿಂತಿತು. ಮುಲಾಮು ಮತ್ತೆ ಶುರು ಮಾಡಲು ಡಾಕ್ಟರು ಹೇಳಿದ ದಿನ ಅಪ್ಪ ಎರಡೂ ಕೈಗೆ ಗ್ಲೌಸು ಏರಿಸಿಕೊಂಡು, ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಚೀಟಿಯನ್ನು ನನ್ನ ಮುಂದೆ ಹಿಡಿದ.

"ಇದರಾಗ ಏನ್ ಬರದೈತಿ, ಕನ್ನಡದಾಗ ಎಲ್ಲಾ ಓದಿ ಹೇಳು. ಒಂದ್ ಕಡೆ ಬಿಡಬ್ಯಾಡ."