ಕಂಡಕ್ಟರ್ ಪರಮಾನಂದನ ಗಸ್ತು

ಪರಮಾನಂದನ ಮನೆಗೆ ನಾನು ಹೋದದ್ದು ತಂಗಿಯ ಮಗಳ ಲಗ್ನದ ಕಾರ್ಡು ಕೊಡಲಿಕ್ಕೆ. ಬಾಗಿಲು ತೆರೆದೇ ಇತ್ತು. ಹೊಸ್ತಿಲು ದಾಟಿದೆನೋ ಇಲ್ಲವೋ, ಒಳಗಿನಿಂದ "ಮಲಗ್ರಿ! ತೆಲಿ ಎತ್ತಬ್ಯಾಡ್ರಿ!" ಎಂದು ಯಾರೋ ಚೀರಿದರು. ಇಪ್ಪತ್ತೈದು ವರ್ಷ ಜಮಖಂಡಿಯ ಕಾಲೇಜಿನಲ್ಲಿ ಕನ್ನಡ ಕಲಿಸಿದರೂ ನನ್ನ ಮಾತನ್ನು ಯಾರೂ ಕೇಳಲಿಲ್ಲ. ಅದಕ್ಕೋ ಏನೋ, ಯಾರು ಏನು ಹೇಳಿದರೂ ಕೇಳುವ ಚಟ ನನಗೆ ಹತ್ತಿದೆ. ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಪಡಸಾಲೆಯ ಹಸಿ ನೆಲದ ಮೇಲೆ ಬೋರಲು ಬಿದ್ದೆ.

ಚಹಾದ ತಾಟು ಹಿಡಿದು ಬಂದ ಪರಮಾನಂದನ ಹೆಂಡತಿ ಸುವರ್ಣಾ ನನ್ನನ್ನು ದಾಟಿ ಹೋಗುತ್ತ, "ಸರ್, ಖುರ್ಚಿ ಅದಾವ್ರಿ," ಎಂದಳು.

ಪರಮಾನಂದ ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು ಸಿಗಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದ. ತೆರೆಯ ಮೇಲೆ ಹಸಿರು ಅಂಗಿಯ ಸಿಪಾಯಿಗಳು ಎಲ್ಲೆಂದರಲ್ಲಿ ನಿಂತಿದ್ದರು. ಒಬ್ಬನೂ ಮಲಗಿರಲಿಲ್ಲ. ಅವನು ತಿರುಗಿ ನನ್ನನ್ನು ನೋಡಿದ. ಕಣ್ಣಲ್ಲಿ ನೀರೇ ಬಂತು. "ಹೇಳಿದ ಕೂಡ್ಲೇ ಮಲಗಿದ ಮೊದಲನೇ ಮನಷ್ಯಾ ನೀವರಿ ಸರ್. ನಮ್ಮ ಪ್ಲಟೂನಿಗೆ ಬರ್ರಿ."

ಹೀಗೆ ಎರಡು ಸಾವಿರದ ಹದಿನಾಲ್ಕರಲ್ಲಿ ನಾನು ಘಟಪ್ರಭಾ ಪ್ಲಟೂನಿಗೆ ಭರ್ತಿಯಾದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹದಿನಾರು ಮಂದಿ ಭಾನುವಾರಕ್ಕೊಮ್ಮೆ ತಮ್ಮ ತಮ್ಮ ಮನೆಯಲ್ಲೇ ಕೂತು, ಕಂಪ್ಯೂಟರಿನೊಳಗೆ ಕೂಡಿ, ಕಾಲಾಳು ಸೈನಿಕರಾಗಿ ಗಸ್ತು ತಿರುಗುವ ಪಡೆ ಅದು. ಓಡಿ ಓಡಿ ಗುಂಡು ಹಾರಿಸುವ ಹುಡುಗರಾಟ ಅಲ್ಲ. ಇಲ್ಲಿ ಸೈನ್ಯದ ಶಿಸ್ತು: ಸಾಲಾಗಿ ನಡೆಯಬೇಕು, ಹುಕುಮ್ ಇಲ್ಲದೆ ಕೆಮ್ಮಬಾರದು.

ಪರಮಾನಂದ ಹಗಲು ಸಾವಳಗಿ ಬಸ್ಸಿನ ಕಂಡಕ್ಟರ್. ಬೀರೇಶ್ವರನ ಒಕ್ಕಲು. ಅಪ್ಪ ಕುರಿ ಎಣಿಸಿ ದೊಡ್ಡಿಗೆ ಹೊಗಿಸುತ್ತಿದ್ದ, ಮಗ ಜನ ಎಣಿಸಿ "ರೈಟ್" ಅನ್ನುತ್ತಿದ್ದ. ಚಹಾಕ್ಕೆಂದು ಇಳಿದ ಮುದುಕಿಯೊಬ್ಬಳು ತಿರುಗಿ ಹತ್ತುವ ತನಕ ಇಡೀ ಬಸ್ಸಿನ ಬೈಗುಳ ತಿಂದವನು. ದಾರಿಯಲ್ಲಿ ಯಾರನ್ನೂ ಬಿಟ್ಟು ಬಂದಿಲ್ಲ ಎಂಬುದೇ ಅವನ ಹೆಮ್ಮೆ.

ಅಂಥವನನ್ನು ಪ್ಲಟೂನು ಬಿಟ್ಟು ಬಂದಿತ್ತು.

ಪ್ಲಟೂನಿನ ಯಜಮಾನ ಮುಧೋಳದ ಅಣ್ಣಾಸಾಹೇಬ. ಕಬ್ಬಿನ ಹೊಲ ದೊಡ್ಡದು, ಕಂಪ್ಯೂಟರು ಇನ್ನೂ ದೊಡ್ಡದು. ಕರ್ನಲ್ ಪಟ್ಟವನ್ನು ತಮಗೆ ತಾವೇ ಕಟ್ಟಿಕೊಂಡಿದ್ದರು. ಮೈಕು ತೆರೆದರೆ ಮೊದಲು ಅವರ ಬೇಟೆನಾಯಿ ಬೊಗಳುತ್ತಿತ್ತು, ಆಮೇಲೆ ಅವರು. ನಾನು ಸೇರುವ ಮೊದಲು, ದೀಪಾವಳಿಯ ಹಿಂದಿನ ಗಸ್ತಿನಲ್ಲಿ, ಪರಮಾನಂದನನ್ನು ಒಂದು ಸೇತುವೆಯ ಕೆಳಗೆ ಕೂರಿಸಿ, "ಲೇ ಪರಮ್ಯಾ, ನಾವು ಬರೂತನಾ ಇಲ್ಲೇ ಇರು," ಎಂದು ಹೋದರು. ಹೋದವರು ವೈರಿಯ ಠಾಣೆ ಸುಟ್ಟರು, ಬೇರೆ ದಾರಿಯಿಂದ ತಿರುಗಿ ಟ್ರಕ್ಕು ಹತ್ತಿದರು, ಆಟ ಮುಗಿಸಿ ಊಟಕ್ಕೆದ್ದರು. ಸೇತುವೆಯ ಕೆಳಗಿದ್ದವನು ಯಾರಿಗೂ ನೆನಪಾಗಲಿಲ್ಲ. ಕಾದು ಕಾದು ಸಾಕಾಗಿ ಇವನೇ ಅವರನ್ನು ಹುಡುಕುತ್ತ ಹೊರಬಿದ್ದ. ಮುಂದಿನ ವಾರ ಕರ್ನಲ್ ಸಾಹೇಬರ ತೀರ್ಪು ಬಂತು: ಹುಕುಮ್ ಇಲ್ಲದೆ ಜಾಗ ಬಿಟ್ಟವನು, ಯಾರೇ ಇರಲಿ, ರಂಗರೂಟ, ಅಂದರೆ ನಿನ್ನೆ ಮೊನ್ನೆ ಭರ್ತಿಯಾದ ಸಿಪಾಯಿ. ಪರಮಾನಂದನ ಸುಬೇದಾರಿಕೆ ಹೋಯಿತು. ಬೀಳಗಿಯ ಮಂದಿ ಅವನನ್ನು "ಓಡಿಹೋದಾಂವ" ಎಂದು ಕರೆಯತೊಡಗಿದರು.

ಅಂದಿನಿಂದ ಅವನು ಮುಧೋಳದ ಪ್ರಯಾಣಿಕ ಸಿಕ್ಕರೆ ಟಿಕೆಟ್ ಮಷಿನಿನ ಗುಂಡಿಯನ್ನು ಬಂದೂಕಿನ ಕುದುರೆ ಎಳೆದಂತೆ ಒತ್ತುತ್ತಿದ್ದ.

"ಆಟ ಅಲ್ಲೇನಪಾ, ಬಿಟ್ಟುಬಿಡು," ಎಂದೆ ನಾನು.

"ಆಟಾನ ರೀ. ಅದಕ್ಕ ಅವನ್ನ ಕೊಲ್ಲಂಗಿಲ್ಲ. ಅಂವ ತಾನಾಗೇ ಜಾಗ ಬಿಡಬೇಕು, ಎಲ್ಲಾರ ಕಣ್ಣ ಮುಂದ. ಅಂವಂದ ಕಾಯ್ದೆ, ಅಂವಂದ ಕುತಗಿ."

ಗಸ್ತಿನ ಯೋಜನೆ ಹಾಕುವ ಪಾಳಿ ಪ್ಲಟೂನಿನಲ್ಲಿ ಎಲ್ಲರಿಗೂ ಬರುತ್ತದೆ, ರಂಗರೂಟನಿಗೂ. ಆ ಪಾಳಿ ಬಂದಾಗ ಪರಮಾನಂದ ರೊಟ್ಟಿ ಹಿಟ್ಟಿನ ಪರಾತ ತಂದು ನನ್ನ ಮುಂದಿಟ್ಟ. ಜೋಳದ ಹಿಟ್ಟಿನಲ್ಲಿ ಬೆರಳಾಡಿಸಿ ಹೊಳೆ ಮಾಡಿದ, ಗುಡ್ಡ ಮಾಡಿದ. ಹೊಳೆಗೆ ಅಡ್ಡಲಾಗಿ ಚಮಚ ಇಟ್ಟು, "ಇದು ಚಿಕ್ಕಪಡಸಲಗಿ ಬ್ಯಾರೇಜ್ ಅಂತ ತಿಳ್ಕೋರಿ," ಎಂದ. ತೊಗರಿಬೇಳೆ ನಮ್ಮ ಮಂದಿ, ಶೇಂಗಾ ವೈರಿಗಳು, ಬೆಲ್ಲದ ಹೆಂಟೆ ಅಣ್ಣಾಸಾಹೇಬರು.

"ಮುಂದ ಒಬ್ಬ ದಾರಿ ನೋಡಾಂವ. ಹಿಂದ ಇಬ್ಬರು ಕಾವಲು. ಬ್ಯಾರೇಜ್ ದಾಟಿದ ಮ್ಯಾಲೆ ಈ ಹಳ್ಳದಾಗ ಬೆಲ್ಲ ಕುಂದರತೈತಿ. ನಾವು ಗುಡ್ಡದ ಮ್ಯಾಲಿನ ಠಾಣೆ ನೋಡ್ಕೊಂಡು ಈ ಕಡಿಂದ ಇಳಿತೀವಿ. ಗಸ್ತಿನವರು ಹೋದ ದಾರಿಲೇ ತಿರುಗಿ ಬರಬಾರ್ದು. ಸಾಹೇಬ್ರೇ ಕಲಿಸಿದ್ದು."

"ಹಳ್ಳದ ಕಡೆಗೆ ವೈರಿ ಬರಂಗಿಲ್ಲೇನು?"

"ಒಬ್ಬನೂ ಇಲ್ಲ. ಒಂದ್ ಕಾಗಿ ಸೈತ ಇಟ್ಟಿಲ್ರಿ." ಅಷ್ಟರಲ್ಲಿ ಅವನು ಶೇಂಗಾ ಅಗಿಯುತ್ತಿದ್ದ ನನ್ನ ಬಾಯಿ ನೋಡಿ ಗಾಬರಿಯಾದ. "ಸರ್, ಮಷಿನ್‌ಗನ್ ತಿಂದ್ರಿ."

ಸುವರ್ಣಾ ಬಂದು ಅಣ್ಣಾಸಾಹೇಬರನ್ನು ಎತ್ತಿ ಚಹಾಕ್ಕೆ ಹಾಕಿದಳು. ಪರಮಾನಂದ ಆ ಚಹಾವನ್ನು ಸೊರ್ರೆಂದು ಎಳೆದು ಎಳೆದು ಕುಡಿದ.

ಶನಿವಾರ ಎಲ್ಲರಿಗೂ ಮೈಕಿನಲ್ಲಿ ಯೋಜನೆ ಹೇಳಿದ. ಎಲ್ಲಿ ಹೋಗುತ್ತೇವೆ, ಯಾರು ಎಲ್ಲಿ, ಯಾವ ದಾರಿಯಿಂದ ತಿರುಗುತ್ತೇವೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಕರ್ನಲ್ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: "ಆ ಹಳ್ಳದ ಮುಖ್ಯಸ್ಥ ಯಾರಲೇ ಪರಮ್ಯಾ?"

"ನೀವ ರೀ. ಮುಂದಿನ ಹುಕುಮ್ ಬರೂತನಾ ಹಿಡದು ಇಟ್ಕೋಬೇಕು. ಅಲ್ಲಿ ಗಟ್ಟಿ ಮನಷ್ಯಾನ ಬೇಕು."

ಬನಹಟ್ಟಿಯ ಮಹಾಲಿಂಗ, ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದು ಮೆಲ್ಲಗೆ ಮಾತಾಡಲು ಬಾರದವನು, "ಭಾಳ ಛಲೋ ಪ್ಲ್ಯಾನ್!" ಎಂದು ಎಲ್ಲರ ಕಿವಿ ಒಡೆದ.

ಭಾನುವಾರ ಮಧ್ಯಾಹ್ನ ಪರಮಾನಂದ ಕೀಲಿಮಣೆಗೆ ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿದ. ನನ್ನ ಲ್ಯಾಪ್‌ಟಾಪಿಗೂ ಬಿತ್ತು. ನಾನು ಅವನ ಪಡಸಾಲೆಯಿಂದಲೇ ಹೊರಟು, ಬ್ಯಾರೇಜ್ ದಾಟುವಾಗ ಕಾಲು ಜಾರಿ ಮುಳುಗಿ ಸತ್ತೆ. ಈ ಆಟದಲ್ಲಿ ಸತ್ತವರಿಗೆ ಒಂದು ಸೌಕರ್ಯವಿದೆ, ಎಲ್ಲ ಕಡೆ ಹಾರಾಡಿ ನೋಡಬಹುದು. ಹಾಗಾಗಿ ಅಣ್ಣಾಸಾಹೇಬರು ಹಳ್ಳದಲ್ಲಿ ಮುಳ್ಳುಕಂಟಿಯ ಹಿಂದೆ ದುರ್ಬೀನು ಹಿಡಿದು ಬೋರಲಾದದ್ದನ್ನು ಕಣ್ಣಾರೆ ಕಂಡೆ. ಉಳಿದವರು ಗುಡ್ಡ ಹತ್ತಿದರು, ಠಾಣೆ ನೋಡಿದರು, ಆಚೆಯಿಂದ ಇಳಿದು ಟ್ರಕ್ಕು ಸೇರಿದರು. ಗಸ್ತು ಮುಗಿಯಿತು. ಪರಮಾನಂದ ಆಟ ಮುಗಿಸಲಿಲ್ಲ.

ಒಬ್ಬೊಬ್ಬರಾಗಿ ಊಟಕ್ಕೆ ಹೋಗಿ ಬಂದರು. ವಿಷಯ ಎಲ್ಲರಿಗೂ ತಿಳಿಯಿತು. ನಕಾಶೆಯ ಹಳ್ಳದಲ್ಲಿ ಉಳಿದಿದ್ದ ಒಂದೇ ಒಂದು ನೀಲಿ ಚುಕ್ಕೆಯನ್ನು ನೋಡುತ್ತ ಕೂತರು.

"ಪರಮ್ಯಾ, ಎಲ್ಲಿದ್ದೀಯೋ?" ಎಂದರು ಅಣ್ಣಾಸಾಹೇಬರು. ಹಿಂದೆ ನಾಯಿಯೂ ಕೇಳಿತು.

"ರೇಡಿಯೋದಾಗ ಮಾತಾಡಬಾರ್ದು ಸಾಹೇಬ್ರ. ವೈರಿ ಕೇಳ್ತಾನ."

ಸಾಹೇಬರೂ ಗಂಡಸು, ಹಳ್ಳ ಬಿಟ್ಟು ಜಗ್ಗಲಿಲ್ಲ. ಬಿಸಿಲು ಇಳಿಯಿತು. ಆಟ ನಡೆಯುತ್ತಿದ್ದುದು ಪರಮಾನಂದನ ಯಂತ್ರದಿಂದ. ಅವನು ಎದ್ದರೆ ಆಟ ನಿಂತು ಕರ್ನಲ್ ಮರ್ಯಾದೆಯಿಂದ ಪಾರಾಗುತ್ತಾರೆ. ಹಾಗಾಗಿ ಇವನೂ ಏಳುವ ಹಾಗಿರಲಿಲ್ಲ. ರಬಕವಿಯಲ್ಲಿ ಅಣ್ಣನ ಹೊಸ ಮನೆಯ ವಾಸ್ತುಶಾಂತಿಗೆಂದು ರೇಷ್ಮೆ ಸೀರೆ ಉಟ್ಟು ನಿಂತಿದ್ದ ಸುವರ್ಣಾ, "ಬರ್ತೀರೋ ಇಲ್ಲೋ?" ಎಂದಳು. ಇವನು ತೆರೆಯಿಂದ ಕಣ್ಣು ಕೀಳಲಿಲ್ಲ. "ಅಂವ ಹಳ್ಳಾ ಕಾಯ್ಲಿ, ನೀವು ಅವನ್ನ ಕಾಯ್ರಿ," ಎಂದು ಚಪ್ಪಲಿ ಮೆಟ್ಟಿ ಒಬ್ಬಳೇ ಹೋದಳು. ಸತ್ತವನಾದ ನನಗೆ ಹಸಿವಾಗುತ್ತಿತ್ತು.

"ಪಾಪ, ಸಾಕು ಮಾಡೋ," ಎಂದೆ.

"ಸೇತುವಿ ಕೆಳಗ ನಾನೂ ಹಿಂಗ ಕುಂತಿದ್ನಿರಿ ಸರ್. ಪಾಪ ಅಂತ ಯಾರೂ ಅನ್ನಲಿಲ್ಲ."

ಆಗ ನೀಲಿ ಚುಕ್ಕೆ ಅಲುಗಿತು. "ಎದ್ರು! ಎದ್ರು!" ಎಂದು ಮಹಾಲಿಂಗ ಕಿರುಚಿದ. ಚುಕ್ಕೆ ಹಳ್ಳ ಹತ್ತಿತು, ಹೊಲ ದಾಟಿತು, ಡಾಂಬರು ರಸ್ತೆಗೆ ಬಂದು ನಿಂತಿತು. ಹದಿನೈದು ಮಂದಿ ನೋಡುತ್ತಿದ್ದಂತೆ ಕರ್ನಲ್ ಅಣ್ಣಾಸಾಹೇಬರು ಅವರದೇ ಕಾಯ್ದೆಯ ಪ್ರಕಾರ ರಂಗರೂಟರಾದರು. ಪರಮಾನಂದ ಕುರ್ಚಿಗೆ ಒರಗಿ, ತಣ್ಣಗಾದ ಚಹಾದ ಕಪ್ಪು ಎತ್ತಿಕೊಂಡ.

ಮೈಕು ಗರಗರ ಅಂದಿತು. ಈ ಸಲ ನಾಯಿ ಬೊಗಳಲಿಲ್ಲ. ದನಿ ಮೆತ್ತಗಿತ್ತು. "ಪರಮಾನಂದರ, ನಾ ರಸ್ತಾಕ್ಕ ಬಂದ್ ನಿಂತೀನ್ರಿ. ನನ್ನ ಬಿಟ್ಟ ಹೋದ್ರಲ್ಲರಿ. ಹೆಂಗ್ ಬರಲಿ?"

ಪರಮಾನಂದ ಒಂದು ಗುಟುಕು ಕುಡಿದು, ಮೈಕು ಬಾಯಿಗೆ ಎಳೆದುಕೊಂಡು, ತುಂಬಿದ ಬಸ್ಸಿನ ಕಂಡಕ್ಟರನ ದನಿ ತೆಗೆದ.

"ಹಿಂದ ಒಂದು ಖಾಲಿ ಗಾಡಿ ಬರಾಕತ್ತೈತ್ರಿ. ಅದಕ್ಕ ಹತ್ರಿ."